ಮೂರನೇ ದಿನ

ನಮ್ಮ ಕಡೆ ಮೂರನೇ ದಿನ ಅಂದರೆ ಹಾಲುತುಪ್ಪ.
ಗುಡ್ಡೆಯ ಹಸಿ ಮಣ್ಣಿಗೆ ಬಿಟ್ಟು, ಕಾಗೆ ಕರೆದು,
ತಿರುಗಿ ನೋಡದೆ ಬರುವುದು.
ಅಮ್ಮಣ್ಣಿ ಡಾಕ್ಟರಿಗೆ ಮೂರನೇ ದಿನ ಅಂದರೆ ಕತ್ತಿ.

ಆಗ ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ಸುಟ್ಟವರಿಗೆ
ಹೆಣದ ಮನೆಯ ಮಗ್ಗುಲಲ್ಲಿ ತಗಡಿನ ಷೆಡ್ಡು.
ಹತ್ತಿರವಿದ್ದರೆ ಅನುಕೂಲ, ಅನ್ನುತ್ತಿದ್ದರು.
ಮೈಗೆ ನೇರಳೆ ಔಷಧಿ ಬಳಿದು, ಸೊಳ್ಳೆಪರದೆ ಇಳಿಸಿ,
ಸತ್ತ ಚರ್ಮ ತಾನಾಗಿ ಕಳಚಲಿ ಎಂದು ಕಾಯುವುದು.
ಅದಕ್ಕೂ ಮೊದಲೇ ಜೀವ ಕಳಚುತ್ತಿತ್ತು.

ಅಲ್ಲಿಗೆ ಬಂದರು ಚೆಲುವಾಜಮ್ಮಣ್ಣಿ,
ಮೈಸೂರಿನ ಅರಸು ಮನೆತನದವರು,
ಚಿಕ್ಕ ಆಳು, ದೊಡ್ಡ ವಾಚು,
ಯಾರಿಗೋ ಎದುರಾಡಿ ವರ್ಗವಾದವರು.
ಕಾಯುವುದು ಬೇಡ, ಅಂದರು. ಸತ್ತದ್ದನ್ನು ಮೂರನೇ ದಿನವೇ
ಹೆರೆದು ತೆಗೆಯೋಣ, ತೊಡೆಯ ಚರ್ಮ ತಂದು ಹೊದಿಸೋಣ.
ಸೂಪರಿಂಟೆಂಡೆಂಟರು ಕನ್ನಡಕ ಒರೆಸಿಕೊಂಡು
"ಹೆಣಕ್ಕೆ ಯಾಕಮ್ಮ ಹೊಲಿಗೆ?" ಅಂದರಂತೆ.

ಮೊದಲ ನಾಲ್ವರು ಉಳಿಯಲಿಲ್ಲ.
ಹಾಲಿನ ಲೆಕ್ಕದಂಥ ಪುಸ್ತಕದಲ್ಲಿ ಬರೆದಿಟ್ಟರು:
ಹೊಂಬಾಳಮ್ಮ, ಇಪ್ಪತ್ತೆರಡು, ಸ್ಟೌ.
ತೋಪೇಗೌಡ, ನಲವತ್ತು, ಕಬ್ಬಿನ ಗದ್ದೆ.
ಜಬೀನಾ, ಹತ್ತೊಂಬತ್ತು, ಸ್ಟೌ.
ನಾಲ್ಕನೆಯದಕ್ಕಿನ್ನೂ ಹೆಸರಿಟ್ಟಿರಲಿಲ್ಲ. ಬಿಸಿನೀರ ಹಂಡೆ.

ಹೊಂಬಾಳಮ್ಮನ ಮನೆಗೆ ತಾವೇ ಹೋಗಿ
ಸಿಡಿದ ಸ್ಟೌ ತೋರಿಸಿ, ಅಂದರು.
ಪಂಪು ಹೊಡೆದು ಹೊತ್ತಿಸಿದರು. ಉರಿಯಿತು,
ನೀಲಿಯಾಗಿ, ಚೆನ್ನಾಗಿ.
ಅದರ ಮೇಲೇ ಕಾಫಿ ಕಾಸಲು ಬಂದಳಂತೆ ಅತ್ತೆ.
ಕುಡಿಯದೆ ಠಾಣೆಗೆ ನಡೆದರು.

ಐದನೆಯವನು ನಾನು. ಹದಿಮೂರು ವರ್ಷ.
ಕೆರಗೋಡಿನ ಹತ್ತಿರದ ಆಲೆಮನೆಯಲ್ಲಿ
ಮಡ್ಡಿ ತೆಗೆಯುತ್ತ ಕೊಪ್ಪರಿಗೆಯ ಅಂಚಿನಲ್ಲಿ ಜಾರಿದೆ.
ಬೆಂಕಿ ಸುಟ್ಟು ಮುಂದಕ್ಕೆ ಹೋಗುತ್ತದೆ ಸ್ವಾಮಿ,
ಪಾಕ ಹಾಗಲ್ಲ. ಅಂಟಿಕೊಂಡು, ಕೂತು, ನಿಧಾನಕ್ಕೆ ಸುಡುತ್ತದೆ.
ನಮ್ಮವರು ಮಸಿ ಬಳಿದಿದ್ದರು, ಅದರ ಮೇಲೆ ಕೋಳಿಮೊಟ್ಟೆ.
"ಅಡುಗೆ ಮಾಡ್ಕೊಂಡು ತಂದಿದ್ದೀರಲ್ಲಯ್ಯ ಹುಡುಗನ್ನ!"
ಮೊದಲು ಕಿವಿಗೆ ಬಿದ್ದದ್ದು ಆ ಬೈಗುಳ.

ಬೆನ್ನಿಗೆ ಸಾಲುವಷ್ಟು ನನ್ನ ಚರ್ಮ ಉಳಿದಿರಲಿಲ್ಲ.
ಪಕ್ಕದಲ್ಲಿ ಲಾರಿಗೆ ಸಿಕ್ಕಿದವನೊಬ್ಬ ಮಲಗಿದ್ದ.
ಅವನ ತಾಯಿಯ ಮುಂದೆ ನೆಲದ ಮೇಲೆ ಕೂತು ಕೇಳಿದರು.
ಎಷ್ಟು ಹೊತ್ತು ಕೂತರೋ, ಯಾರೂ ಹೇಳಲಿಲ್ಲ ನನಗೆ.
"ಯಾವ ಜನವೋ ಅವನು," ಅಂದ ನಮ್ಮ ದೊಡ್ಡಪ್ಪ.
"ಐಸಿನ ಪೆಟ್ಟಿಗೆಗೆ ಹಾಕಿದ ಮೇಲೆ
ಎಲ್ಲಾ ಒಂದೇ ಬಣ್ಣ ಕಣಪ್ಪ. ಬೇಡ ಅಂದರೆ ನಿನ್ನದು ಕೊಡು."
ದೊಡ್ಡಪ್ಪ ಬೀಡಿ ಸೇದಲು ಹೊರಗೆ ಹೋದ.

ಇಪ್ಪತ್ತು ದಿನ ಇದ್ದ ಅವನು, ನನ್ನ ಬೆನ್ನ ಮೇಲೆ.
ಆಮೇಲೆ, ಸಾಲ ಸಾಲವೇ,
ಅಂಚಿನಿಂದ ಒಣಗಿ ಎದ್ದು ಹೋದ.
ಅಷ್ಟರಲ್ಲಿ ನನ್ನ ತೊಡೆ, ಕೂಳೆ ಕಬ್ಬಿನ ಹಾಗೆ,
ಇನ್ನೊಂದು ಬೆಳೆ ಕೊಟ್ಟಿತ್ತು.

ಬಾಳೆಲೆ ಬೇಯಿಸಿ ಗಾಯಕ್ಕೆ ಹಾಸಿದ್ದೂ ಆಗಲೇ.
ಬಟ್ಟೆ ಬಿಚ್ಚಿದರೆ ರಕ್ತ, ಕಿರುಚಾಟ;
ಎಲೆ ತಾನೇ ಬಿಟ್ಟುಕೊಳ್ಳುತ್ತಿತ್ತು.
"ತುದಿ ಎಡಕ್ಕಿರಲಿ, ಊಟಕ್ಕೆ ಹಾಕಿದ ಹಾಗೆ,"
ಎಂದು ನಗಿಸುತ್ತಿದ್ದಳು ನರ್ಸು ಫ್ಲೇವಿಯಾ.

ಈಗ ಅದೇ ವಾರ್ಡಿನಲ್ಲಿ ಡ್ರೆಸ್ಸರ್ ನಾನು.
ಷೆಡ್ಡು ಹೋಗಿ ಗಾಜಿನ ಕೋಣೆ ಬಂದಿದೆ,
ಚರ್ಮಕ್ಕೇ ಒಂದು ಫ್ರಿಡ್ಜು.
ಎಲ್ಲೆಲ್ಲಿಂದಲೋ ಎಳೆಯ ಡಾಕ್ಟರುಗಳು
ಮೂರನೇ ದಿನ ಕಲಿಯಲು ಬರುತ್ತಾರೆ.

ನಿವೃತ್ತಿಯ ಸಂಜೆ ಹಾರ ಮೇಜಿನ ಮೇಲಿಟ್ಟು
"ನಡಿ, ಆಲೆಮನೆ ನೋಡಿ ಬರೋಣ," ಅಂದರು ಅಮ್ಮಣ್ಣಿ.
ಭಾನುವಾರ ಭಾನುವಾರ ತಿರುಗಿ, ಜಗಳಾಡಿ,
ಕೊಪ್ಪರಿಗೆಯಿಂದ ಐದು ಹೆಜ್ಜೆಗೆ ಅವರೇ ಇಡಿಸಿದ ಡ್ರಮ್ಮು.
ಮೇಲೆ ನೀಲಿ ಬಣ್ಣದ ಸೊಟ್ಟ ಅಕ್ಷರ, ಅವರದೇ:
ಮಸಿಯಲ್ಲ, ಮೊಟ್ಟೆಯಲ್ಲ. ಮೊದಲು ನೀರು.

ಮುಚ್ಚಳ ಎತ್ತಿದೆ.
ಪಾಚಿಯ ನಡುವೆ ಕಪ್ಪೆಯೊಂದು
ನಮ್ಮನ್ನೇ ನೋಡುತ್ತ ಕೂತಿತ್ತು.
ನಾನು ಮಾಲೀಕನ ಮೇಲೆ ರೇಗಿದೆ.
"ಇರಲಿ ಬಿಡೋ," ಅಂದರು.
"ಕಪ್ಪೆ ಇದೆ ಅಂದರೆ ನೀರಿದೆ."